ಮನೆಮಾತು ಯಾವುದು?



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಹಳ್ಳಿಗಳಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ತಾಯಂದಿರೇ, ಹಿರಿಯರೇ, ಇಂದು ನಾನು ನಮ್ಮಿಂದ ಬಹು ದೂರದಲ್ಲಿ ಶಾಲೆಗೆ ಹೋಗುತ್ತಿರುವ ನಮ್ಮದೇ ಮಕ್ಕಳ ವಿಷಯ ಹೇಳಬೇಕೆಂದಿದ್ದೇನೆ. ಒಂದು ಕಾಲದಲ್ಲಿ ನಮ್ಮವರು ಹೈದರಾಬಾದಿಗೆ ಹೋದರೆ ಅದೇ ಪರದೇಶ ಎನ್ನುತ್ತಿದ್ದೆವು. ಈಗ ಹಾಗಿಲ್ಲ. ಒಂದು ಮನೆಯ ಮಗ ದುಬೈಯಲ್ಲಿದ್ದರೆ ಇನ್ನೊಂದು ಮನೆಯ ಮಗಳು ಅಮೆರಿಕದಲ್ಲಿರುತ್ತಾಳೆ. ದೊಡ್ಡವರು ನೌಕರಿಗೆಂದು ಹೋಗುತ್ತಾರೆ. ಅವರ ಬೆನ್ನಿಗೆ ಮಕ್ಕಳೂ ಹೋಗುತ್ತಾರೆ. ಆ ಮಕ್ಕಳ ಬೆಳಗು ಹೇಗೆ, ಶಾಲೆ ಹೇಗೆ, ಅಲ್ಲಿ ಅವರಿಗೆ ಏನು ಕಷ್ಟ, ಇಲ್ಲಿ ಕುಳಿತ ನಾವು ಅವರಿಗೆ ಏನಾದರೂ ಮಾಡಬಹುದೇ ಎಂಬುದನ್ನು ಸ್ವಲ್ಪ ನೋಡೋಣ.

ಈ ವಿಚಾರ ನನ್ನ ತಲೆಗೆ ಬಂದದ್ದು ನಮ್ಮ ಓಣಿಯ ಒಬ್ಬ ತಾಯಿಯಿಂದ. ಹೋದ ದಸರೆಯ ಹೊತ್ತಿಗೆ ಅವರು ಕೈಯಲ್ಲಿ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೋಗಿದ್ದ. ಮೊಮ್ಮಗಳಿಗೆ ಆರು ವರ್ಷ. ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಅಲ್ಲಿಯ ಶಿಕ್ಷಕಿ ತಂದೆ ತಾಯಿಯನ್ನು ಕರೆಸಿ, ಹುಡುಗಿ ತರಗತಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ ಎಂದಿದ್ದರಂತೆ. ಪರಿಚಯದವರು ಯಾರೋ ಒಂದು ಉಪಾಯ ಹೇಳಿದರು: ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಿ, ಬರೀ ಇಂಗ್ಲಿಷ್ ಆಡಿ, ಊರಿನಿಂದ ಫೋನು ಮಾಡುವ ಅಜ್ಜಿಗೂ ಹಾಗೇ ಹೇಳಿಬಿಡಿ ಎಂದು. ಆ ತಾಯಿ ನನ್ನೆದುರು ಕುಳಿತು ಕೇಳಿದರು: "ಮಾಸ್ತರ್ರೀ, ನನಗ ಇಂಗ್ಲಿಷ್ ಬರಲ್ಲ. ಹಂಗಾದರ ಇನ್ನ ನಾ ಮೊಮ್ಮಗಳ ಸಂಗಡ ಮಾತಾಡಬಾರದೇನ್ರಿ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಚಹಾ ಕುಡಿಯಿರಿ ಎಂದೆ. ನನಗೆ ನನ್ನದೇ ಶಾಲೆಯ ದಿನಗಳು ನೆನಪಾದವು.

ನೀವು ವಿಚಾರ ಮಾಡಿ ನೋಡಿ. ಊರು ಬಿಟ್ಟು ಹೋಗದೆಯೇ ಪರನಾಡಿನ ಶಾಲೆಯನ್ನು ಕಂಡವರು ನಾವು. ನಮ್ಮ ತಂದೆ ಓದಿದ್ದು ನಿಜಾಮರ ಕಾಲದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ಆಮೇಲೆ ನನ್ನ ಅಣ್ಣ ಕನ್ನಡ ಅಂಕಲಿಪಿ ಹಿಡಿದು ಶಾಲೆಗೆ ಹೋದ. ಆಗ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಇತ್ತ ತಾಂಡೂರು, ಕೊಡಂಗಲ್, ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ನಾವು ತೆಲಂಗಾಣದವರು. ನನ್ನ ಪಾಳಿ ಬಂದಾಗ ನನಗೆ ಸಿಕ್ಕಿದ್ದು ತೆಲುಗು ಶಾಲೆ. ಒಂದೇ ಮನೆ, ಒಂದೇ ಅಂಗಳ. ತಂದೆಗೆ ಉರ್ದು, ಅಣ್ಣನಿಗೆ ಕನ್ನಡ, ನನಗೆ ತೆಲುಗು.

ನನಗೆ ಬಜಾರಿನ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಸಂತೆಯಲ್ಲಿ ಕಾಯಿಪಲ್ಯ ಮಾರಿ ಚಿಲ್ಲರೆ ಎಣಿಸಿ ಕೊಡುತ್ತಿದ್ದೆ. ಆದರೆ ಶಾಲೆಯಲ್ಲಿ ಗುರುಗಳು ಹಲಗೆಯ ಮೇಲೆ ಲೆಕ್ಕ ಬರೆದು "ತೀಸಿವೇತ" ಎಂದಾಗ ಕೈ ನಿಂತುಬಿಡುತ್ತಿತ್ತು. ಎಷ್ಟೋ ದಿನ ನಾನು ದಡ್ಡನೆಂದೇ ಎಣಿಕೆಯಾಗಿತ್ತು. ಒಂದು ದಿನ ಗುರುಗಳು ನನ್ನ ಪಕ್ಕದಲ್ಲಿ ಕುಳಿತು, "ಅಪ್ಪಾ, ಇದು ಕಳೆಯೋ ಲೆಕ್ಕ" ಎಂದರು. ಕನ್ನಡದ ಒಂದು ಮಾತು, ಅಷ್ಟೇ. ಅವತ್ತು ಹಲಗೆಯ ಮೇಲಿನ ಲೆಕ್ಕವನ್ನೆಲ್ಲ ಮಾಡಿದೆ. ನನಗೆ ಕಳೆಯುವುದು ಬರುತ್ತಿತ್ತು, ಆ ಹೆಸರು ಗೊತ್ತಿರಲಿಲ್ಲ. ಮುಂದೆ ನಾನೇ ಮಾಸ್ತರನಾದ ಮೇಲೆ, ಮೂಲೆಯಲ್ಲಿ ಸುಮ್ಮನೆ ಕುಳಿತ ಮಗುವನ್ನು ನೋಡಿದಾಗಲೆಲ್ಲ ಈ ಲೆಕ್ಕ ನೆನಪಾಗುತ್ತಿತ್ತು.

ಈಗ ಆ ಆರು ವರ್ಷದ ಹುಡುಗಿಯ ಶಾಲೆಗೆ ಹೋಗೋಣ. ಅಮೆರಿಕದಲ್ಲಿ ಶಾಲೆ ಶುರುವಾಗುವುದು ಆಗಸ್ಟ್ ತಿಂಗಳಲ್ಲಿ, ಕೆಲವು ಕಡೆ ಸೆಪ್ಟೆಂಬರಿನಲ್ಲಿ. ಸರಕಾರಿ ಶಾಲೆಗೆ ಫೀಸು ಇಲ್ಲ. ಮಗುವನ್ನು ವಯಸ್ಸು ನೋಡಿ ತರಗತಿಗೆ ಹಾಕುತ್ತಾರೆ. ಮನೆಯ ವಿಳಾಸದ ಪುರಾವೆ, ಹುಟ್ಟಿದ ದಿನದ ದಾಖಲೆ, ಲಸಿಕೆ ಹಾಕಿಸಿದ ಚೀಟಿ ಕೇಳುತ್ತಾರೆ. ಆದ್ದರಿಂದ ಹೋಗುವವರು ಇಲ್ಲಿಂದಲೇ ಲಸಿಕೆಯ ಕಾರ್ಡು ಮರೆಯದೆ ಒಯ್ಯಬೇಕು. ಬೆಳಿಗ್ಗೆ ಹಳದಿ ಬಣ್ಣದ ಬಸ್ಸು ಬರುತ್ತದೆ. ತರಗತಿಯಲ್ಲಿ ಶಿಕ್ಷಕಿ ಒಳಗೆ ಬಂದಾಗ ಮಕ್ಕಳು ಎದ್ದು ನಿಲ್ಲುವ ಪದ್ಧತಿ ಇಲ್ಲ. ಅವರನ್ನು ಹೆಸರು ಹಿಡಿದು ಕರೆಯಬೇಕು, ಬರೀ ಟೀಚರ್ ಎನ್ನುವುದಿಲ್ಲ. ನಮ್ಮಲ್ಲಿ ಹಿರಿಯರು ಮಾತಾಡುವಾಗ ಕಣ್ಣು ಕೆಳಗೆ ಹಾಕುವುದು ಮರ್ಯಾದೆ. ಅಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ನೋಡದಿದ್ದರೆ ಮಗುವಿಗೆ ಲಕ್ಷ್ಯವಿಲ್ಲ ಎಂದು ತಿಳಿಯುತ್ತಾರೆ. ಕೈ ಎತ್ತಿ ಪ್ರಶ್ನೆ ಕೇಳಿದ ಮಗು ಜಾಣ ಮಗು. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕೆಂದು ಬೆಳೆದ ನಮ್ಮ ಮಗು ಸುಮ್ಮನೆ ಕುಳಿತಿರುತ್ತದೆ. ಮಧ್ಯಾಹ್ನ ದೊಡ್ಡ ಊಟದ ಕೋಣೆ. ಡಬ್ಬಿ ತೆರೆದರೆ ರೊಟ್ಟಿ, ಪುಂಡಿಪಲ್ಯ. ಪಕ್ಕದ ಮಗು ಇದೇನು ಎಂದು ಕೇಳುತ್ತದೆ. ಕುತೂಹಲದಿಂದ ಕೇಳಿದ್ದೋ ಹಾಸ್ಯಕ್ಕೆ ಕೇಳಿದ್ದೋ ಎಂದು ತಿಳಿಯುವಷ್ಟು ಇಂಗ್ಲಿಷ್ ನಮ್ಮ ಮಗುವಿಗೆ ಇನ್ನೂ ಬಂದಿಲ್ಲ. ಡಬ್ಬಿ ಮುಚ್ಚಿ ಇಟ್ಟುಬಿಡುತ್ತದೆ. ಸಂಜೆ ಮನೆಗೆ ಬಂದಾಗ ಹೊಟ್ಟೆ ಹಸಿದಿರುತ್ತದೆ, ತಲೆ ನೋಯುತ್ತಿರುತ್ತದೆ. ದಿನವಿಡೀ ತಿಳಿಯದ ಮಾತನ್ನು ಕೇಳಿ ಕೇಳಿ ಮಗು ದಣಿದಿರುತ್ತದೆ.

ಹೀಗೆ ಸುಮ್ಮನಿರುವುದು ರೋಗವಲ್ಲ, ದಡ್ಡತನವೂ ಅಲ್ಲ. ಹೊಸ ಭಾಷೆಯ ನಡುವೆ ಬಿದ್ದ ಬಹಳ ಮಕ್ಕಳು ಮೊದಲು ಕೆಲವು ತಿಂಗಳು ಕಿವಿಯಿಂದಲೇ ಕಲಿಯುತ್ತಾರೆ, ಬಾಯಿ ಆಮೇಲೆ ತೆರೆಯುತ್ತದೆ. ಕೆನಡಾ ದೇಶದ ವಿದ್ವಾಂಸರಾದ ಜಿಮ್ ಕಮಿನ್ಸ್ ಅವರು 1980ರ ದಶಕದ ಆರಂಭದಲ್ಲಿ ವಲಸೆ ಬಂದ ಮಕ್ಕಳನ್ನು ಕುರಿತು ಅಭ್ಯಾಸ ಮಾಡಿ ಒಂದು ಮಾತು ಹೇಳಿದರು. ಆಟದ ಬಯಲಿನ ಇಂಗ್ಲಿಷು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠದ ಇಂಗ್ಲಿಷಿನಲ್ಲಿ ಅಲ್ಲಿಯ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಬಜಾರಿನ ತೆಲುಗು ಬರುತ್ತಿದ್ದರೂ ತೀಸಿವೇತ ತಿಳಿಯದ ನನಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಇನ್ನೂ ಒಂದು ಮಾತು ತೋರಿಸಿಕೊಟ್ಟರು. ಮನೆಯ ಭಾಷೆಯಲ್ಲಿ ಓದು ವಿಚಾರ ಗಟ್ಟಿಯಾಗಿದ್ದರೆ ಅದು ಹೊಸ ಭಾಷೆಗೂ ನೆರವಾಗುತ್ತದೆ. ಅಂದಮೇಲೆ ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬ ಉಪಾಯಕ್ಕೆ ಬುಡವಿಲ್ಲ. ತಾಯಿ ತನಗೆ ಅರ್ಧಮರ್ಧ ಬರುವ ಭಾಷೆಯಲ್ಲಿ ಮಗುವಿನ ಸಂಗಡ ಎಷ್ಟು ಮಾತಾಡಿಯಾಳು? ಉಣ್ಣು, ಮಲಗು, ಬರೆ, ಇಷ್ಟರಲ್ಲೇ ಮುಗಿಯುತ್ತದೆ. ಕಥೆಯಿಲ್ಲ, ಜಗಳವಿಲ್ಲ, ಮುದ್ದಿಲ್ಲ. ಶಾಲೆಯಲ್ಲಿ ಮೂಕವಾದ ಮಗು ಮನೆಯಲ್ಲೂ ಮೂಕವಾಗುತ್ತದೆ.

ಇನ್ನು ಒಂದು ಮುಖ್ಯ ಸಂಗತಿಗೆ ಬರುತ್ತೇನೆ. ಅಮೆರಿಕದ ಶಾಲೆಗೆ ಹೆಸರು ಹಚ್ಚುವಾಗ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ, ನಿಮ್ಮ ಮನೆಯಲ್ಲಿ ಆಡುವ ಭಾಷೆ ಯಾವುದು ಎಂಬ ಪ್ರಶ್ನೆ ಇರುತ್ತದೆ. ಇಂಗ್ಲಿಷ್ ಅಲ್ಲದ ಬೇರೆ ಭಾಷೆ ಬರೆದರೆ ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಪರೀಕ್ಷಿಸಿ, ಕಡಿಮೆಯಿದ್ದರೆ ಅದಕ್ಕೆಂದೇ ಪ್ರತ್ಯೇಕ ಪಾಠ ಕೊಡುತ್ತಾರೆ. ಈ ಪಾಠ ಯಾರ ದಯೆಯಿಂದಲೂ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಊರಿನಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕುಳಿತಿದ್ದರು. ಅವರ ಪರವಾಗಿ ಹೂಡಿದ ಮೊಕದ್ದಮೆ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1974ರ ಜನವರಿಯಲ್ಲಿ ತೀರ್ಪು ಬಂತು. ಎಲ್ಲರಿಗೂ ಅದೇ ಪುಸ್ತಕ, ಅದೇ ಗುರುಗಳು ಎಂದ ಮಾತ್ರಕ್ಕೆ ಸಮಾನತೆಯಾಗುವುದಿಲ್ಲ, ಪಾಠದ ಭಾಷೆಯೇ ತಿಳಿಯದ ಮಗುವಿಗೆ ಅಲ್ಲಿ ಶಿಕ್ಷಣ ಸಿಕ್ಕಂತೆಯೇ ಅಲ್ಲ ಎಂಬುದು ಆ ತೀರ್ಪಿನ ಸಾರ. ಅದೇ ವರ್ಷ ಕಾನೂನೂ ಆಯಿತು.

ಆದರೆ ನಮ್ಮವರಲ್ಲಿ ಕೆಲವರು ಏನು ಮಾಡುತ್ತಾರೆ? ಕನ್ನಡ ಎಂದು ಬರೆದರೆ ಮಗುವನ್ನು ಹಿಂದುಳಿದವರ ಸಾಲಿನಲ್ಲಿ ಕೂಡಿಸುತ್ತಾರೆ ಎಂದು ಹೆದರಿ, ಮನೆಮಾತು ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ನಮ್ಮ ಓಣಿಯ ಆ ತಾಯಿಯ ಮಗ ಮಾಡಿದ್ದೂ ಅದನ್ನೇ. ಮನೆಮಾತು ಇಂಗ್ಲಿಷ್ ಎಂದು ಬರೆದುಕೊಟ್ಟ ಮಗು ಎರಡು ತಿಂಗಳು ಸುಮ್ಮನೆ ಕುಳಿತರೆ ಶಿಕ್ಷಕಿ ಏನು ತಿಳಿದುಕೊಳ್ಳಬೇಕು? ಮಗುವಿನಲ್ಲೇ ಏನೋ ಕೊರತೆ ಇದೆ ಎಂದು ತಾನೇ? ನಿಮ್ಮ ಮಗನೋ ಮಗಳೋ ಹೊರದೇಶಕ್ಕೆ ಹೊರಟಿದ್ದರೆ ಈ ಒಂದು ಮಾತನ್ನು ಅವರ ಕಿವಿಗೆ ಹಾಕಿ: ಫಾರಮಿನಲ್ಲಿ ನಿಜ ಬರೆಯಿರಿ, ಮನೆಮಾತು ಕನ್ನಡ ಎಂದು ಬರೆಯಿರಿ. ತಪ್ಪಿ ಬರೆದಿದ್ದರೆ ಶಾಲೆಗೆ ಹೋಗಿ ಹೇಳಿರಿ. ಹೇಳುವುದರಲ್ಲಿ ನಾಚಿಕೆಯಿಲ್ಲ.

ಅರಬ್ ದೇಶಗಳ ಕಥೆ ಬೇರೆ. ಅಲ್ಲಿಗೆ ಹೋದ ನಮ್ಮವರಲ್ಲಿ ಬಹಳ ಜನ ಒಂಟಿಯಾಗಿ ಹೋಗುತ್ತಾರೆ, ಏಕೆಂದರೆ ಇಂತಿಷ್ಟು ಸಂಬಳವಿಲ್ಲದವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಸಿಗುವುದಿಲ್ಲ. ಕರೆಸಿಕೊಂಡವರ ಮಕ್ಕಳು ಸಾಮಾನ್ಯವಾಗಿ ಅಲ್ಲಿಯ ಇಂಡಿಯನ್ ಶಾಲೆಗಳಿಗೆ ಹೋಗುತ್ತಾರೆ. ಅವು ಫೀಸು ಕೊಡಬೇಕಾದ ಶಾಲೆಗಳು. ಪುಸ್ತಕ ನಮ್ಮ ಕೇಂದ್ರೀಯ ಬೋರ್ಡಿನದು, ವರ್ಷ ಏಪ್ರಿಲಿನಿಂದ ಶುರು. ದುಬೈಯಲ್ಲಿ ಮೊದಲು ಶುಕ್ರವಾರ ವಾರದ ರಜೆ ಇತ್ತು. 2022ರಿಂದ ಶನಿವಾರ ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಇಂಗ್ಲಿಷ್, ಹಿಂದಿಯ ಜೊತೆಗೆ ಅರಬ್ಬೀ ಭಾಷೆಯನ್ನೂ ಕಲಿಯಬೇಕು. ಇಲ್ಲಿ ನಮ್ಮ ಕಡೆಯ ಹಿರಿಯರಿಗೆ ಒಂದು ಅವಕಾಶ ಇದೆ. ಉರ್ದು ಓದಲು ಬರುವವರು ಜಹೀರಾಬಾದ್ ಕಡೆ ಇನ್ನೂ ಇದ್ದಾರೆ. ಉರ್ದು ಅಕ್ಷರ ಬಲ್ಲವರಿಗೆ ಅರಬ್ಬೀ ಅಕ್ಷರ ಹೊಸದಲ್ಲ. ಅಲಿಫ್, ಬೇ ಎಂದು ಮುತ್ಯಾ ಫೋನಿನಲ್ಲಿ ಗುರುತು ಹಿಡಿಸಿದರೆ ಮೊಮ್ಮಗನಿಗೆ ಅಲ್ಲಿ ಒಂದು ಭಾರ ಇಳಿಯುತ್ತದೆ.

ಅರಬ್ ದೇಶಕ್ಕೆ ಹೋದವರು ಒಂದು ದಿನ ಮರಳಿ ಬರಲೇಬೇಕು. 2020ರಲ್ಲಿ ಕೊರೋನಾ ಬಂದಾಗ ಎಷ್ಟೋ ಸಂಸಾರಗಳು ಹಠಾತ್ತನೆ ಮರಳಿದವು. ಹಾಗೆ ಬಂದ ಮಗುವನ್ನು ಇಲ್ಲಿಯ ಶಾಲೆಗೆ ಸೇರಿಸುವಾಗ ಕೆಲವು ಮಾತು ನೆನಪಿಡಿ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ಬೇರೆ ತರಬೇತಿ ಕೊಡಬೇಕು. ಹಳೆಯ ಶಾಲೆಯ ವರ್ಗಾವಣೆ ಪತ್ರ, ಅಂದರೆ ಟೀ.ಸಿ., ಬರುವುದು ತಡವಾಯಿತೆಂದು ಪ್ರವೇಶವನ್ನು ನಿಲ್ಲಿಸುವ ಹಾಗಿಲ್ಲ.

ಆಮೇಲೆ ತೆಲುಗಿನ ಪ್ರಶ್ನೆ. ತೆಲಂಗಾಣ ಸರಕಾರ 2018ರಲ್ಲಿ ಮಾಡಿದ ಕಾನೂನಿನಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಹೊರದೇಶದಲ್ಲಿ ಬೆಳೆದ ಮಗು ಇಲ್ಲಿ ಬಂದು ತೆಲುಗು ಪುಸ್ತಕ ತೆರೆದಾಗ ಗಾಬರಿಯಾಗುವುದು ಸಹಜ. ಆ ಮಗುವಿಗೆ ಕನ್ನಡ ಅಕ್ಷರ ಗೊತ್ತಿದ್ದರೆ ಅರ್ಧ ದಾರಿ ಆಗಲೇ ನಡೆದಂತೆ. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದವು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಬಹಳ ಅಕ್ಷರಗಳಲ್ಲಿ ಹೆಚ್ಚುಕಡಿಮೆ ತಲೆಕಟ್ಟಿನದೇ ಭೇದ. ಕೆಲವೇ ವಾರಗಳಲ್ಲಿ ಮಗು ಬಸ್ಸಿನ ಬೋರ್ಡು ಓದುತ್ತದೆ. ಅಂದರೆ ದುಬೈಯಲ್ಲಿ ಕನ್ನಡ ಕಲಿತ ಮಗು ಜಹೀರಾಬಾದಿನ ತೆಲುಗು ಪಾಠಕ್ಕೂ ತಯಾರಾಗಿರುತ್ತದೆ.

ಹಾಗಾದರೆ ಕನ್ನಡ ಅಕ್ಷರ ಕಲಿಸುವವರು ಯಾರು? ಅಲ್ಲಿಯ ಶಾಲೆ ಕಲಿಸಬೇಕೆಂದು ನಾವು ಬಯಸುವುದು ನ್ಯಾಯವಲ್ಲ. ದೊಡ್ಡ ಊರುಗಳಲ್ಲಿ ಕನ್ನಡ ಕೂಟಗಳು ರಜೆಯ ದಿನ ತರಗತಿ ನಡೆಸುತ್ತವೆ. ಹತ್ತಿರ ಇದ್ದರೆ ಮಕ್ಕಳನ್ನು ಕಳಿಸಬೇಕು. ಇಲ್ಲದಿದ್ದರೆ ಆ ಕೆಲಸ ನಿಮ್ಮದು, ತಾಯಂದಿರೇ. ಯಾರಾದರೂ ಅಲ್ಲಿಗೆ ಹೋಗುವಾಗ ಉಪ್ಪಿನಕಾಯಿ, ಶೇಂಗಾ ಹಿಂಡಿಯ ಜೊತೆಗೆ ಒಂದು ಅಂಕಲಿಪಿಯನ್ನೂ ಕಟ್ಟಿಕೊಡಿ. ನಮ್ಮಲ್ಲಿ ಬೆಳಿಗ್ಗೆ ಏಳು ಗಂಟೆಯಾದಾಗ ಅಮೆರಿಕದ ನಡುಭಾಗದಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ ಇಲ್ಲವೆ ಎಂಟೂವರೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಈ ಲೆಕ್ಕ ನೋಡಿ ವಾರಕ್ಕೆ ಮೂರು ದಿನ, ಕಾಲು ತಾಸು ಮಾತಾಡಿ. ಉಂಡಿಯಾ, ಚೆನ್ನಾಗಿದ್ದೀಯಾ ಎಂದು ಕೇಳಿದರೆ ಮಗು ಹೂಂ ಎಂದು ಸುಮ್ಮನಾಗುತ್ತದೆ. ಇವತ್ತು ಬಸ್ಸಿನಲ್ಲಿ ಯಾರ ಪಕ್ಕ ಕುಳಿತಿದ್ದೆ, ಡಬ್ಬಿಯಲ್ಲಿ ಏನಿತ್ತು, ಯಾರು ಬಿದ್ದರು, ಯಾರು ಅತ್ತರು ಎಂದು ಕೇಳಿ. ನಿಮ್ಮ ಸುದ್ದಿಯನ್ನೂ ಹೇಳಿ. ತೊಗರಿ ಹೂ ಬಿಟ್ಟಿತೋ ಇಲ್ಲವೋ, ಕೋತಿ ಮಾಳಿಗೆಗೆ ಬಂದಿತ್ತೋ, ಎಲ್ಲ ಹೇಳಿ. ನಮ್ಮ ಭಾಷೆ ಪುಸ್ತಕದ ಕನ್ನಡವಲ್ಲ, ಉರ್ದು ತೆಲುಗು ಬೆರೆತದ್ದು, ಅದನ್ನು ಮಗುವಿಗೆ ಹೇಗೆ ಕಲಿಸುವುದು ಎಂದು ಸಂಕೋಚಪಡಬೇಡಿ. ಮಗುವಿಗೆ ಬೇಕಾದದ್ದು ತನ್ನ ಆಯಿಯ ಮಾತು.

ಕೊನೆಯದಾಗಿ, ದೂರದ ಫಾರಮಿನ ಮಾತು ಹೇಳಿದ ಮೇಲೆ ನಮ್ಮ ಊರಿನ ರಿಜಿಸ್ಟರಿನ ಮಾತನ್ನೂ ಹೇಳಬೇಕು. ಇಲ್ಲಿಯ ಶಾಲೆಯ ಪ್ರವೇಶ ಪುಸ್ತಕದಲ್ಲೂ ಮಾತೃಭಾಷೆ ಎಂಬ ಒಂದು ಕಲಮು ಇರುತ್ತದೆ. ಅವಸರದಲ್ಲಿ ಬರೆಯುವವರು ಎಲ್ಲರಿಗೂ ತೆಲುಗು ಎಂದೇ ಬರೆದುಕೊಂಡು ಹೋದರೆ ನಾವು ನೋಡುವುದಿಲ್ಲ, ಕೇಳುವುದಿಲ್ಲ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ನಿರ್ಣಯ ಮಾಡಿದರು. ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು ಎಂದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಪುಸ್ತಕದಲ್ಲಿ ಹೆಸರೇ ಇಲ್ಲದ ಮಕ್ಕಳನ್ನು ಎಣಿಸುವವರು ಯಾರು? ಬರುವ ಜೂನಿನಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಆ ಕಲಮಿನಲ್ಲಿ ಏನು ಬರೆದಿದ್ದಾರೆ ಎಂದು ಒಮ್ಮೆ ಓದಿಸಿ ಕೇಳಿ. ತೆಲುಗು ಕಲಿಯಲಿ, ಇಂಗ್ಲಿಷ್ ಕಲಿಯಲಿ, ಎಲ್ಲವೂ ಬೇಕು. ಮನೆಮಾತು ಯಾವುದೆಂದು ಕೇಳಿದಾಗ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಮ್ಮ ಓಣಿಯ ಆ ತಾಯಿಗೆ ಅವತ್ತು ನಾನು ಹೇಳಿದ್ದು ಇಷ್ಟೇ: "ಅವ್ವಾ, ನೀವು ಕನ್ನಡದಾಗೇ ಮಾತಾಡ್ರಿ. ಮಗನಿಗೆ ಶಾಲೆಗೆ ಹೋಗಿ ಖರೇ ಹೇಳು ಅನ್ನಿರಿ." ಮಗ ಹೋಗಿ ಹೇಳಿದ. ಹುಡುಗಿಯನ್ನು ಪರೀಕ್ಷಿಸಿದರು. ಈಗ ದಿನಕ್ಕೆ ಅರ್ಧ ತಾಸು ಬೇರೊಬ್ಬ ಶಿಕ್ಷಕಿ ನಾಲ್ಕಾರು ಮಕ್ಕಳ ಜೊತೆ ಅವಳನ್ನು ಕೂಡಿಸಿಕೊಂಡು ಕಲಿಸುತ್ತಾರಂತೆ. ದೊಡ್ಡ ತರಗತಿಯಲ್ಲಿ ಅವಳು ಇನ್ನೂ ಕಡಿಮೆಯೇ ಮಾತಾಡುತ್ತಾಳೆ. ಆದರೆ ಹೋದ ವಾರ ಫೋನಿನಲ್ಲಿ, "ಆಯಿ, ಎಮ್ಮಿ ಕರ ಹಾಕ್ತಾ? ನಮ್ಮ ಟೀಚರಿಗಿ ಹೇಳಬೇಕು" ಎಂದು ಕೇಳಿದಳಂತೆ. ಆ ತಾಯಿ ಕರುವಿನ ಹತ್ತಿರ ಫೋನು ಒಯ್ದು ಅದರ ದನಿ ಕೇಳಿಸಿದ್ದಾರೆ.